ಗೆರೆಗೆ ನಾಲ್ಕು ಬೆರಳು

ನಮ್ಮ ಓಣಿಯಲ್ಲಿ ಕೆಲಸಕ್ಕೆ ಹೋಗುವ ತಾಯಂದಿರು ಹಿಂದೆ ಹಿಂದೆ ನಡೆಯುತ್ತಾರೆ. ಮನೆಯ ಹೊಸ್ತಿಲಿಂದ ತಿರುವಿನ ತನಕ ನೂರಾ ನಲವತ್ತು ಹೆಜ್ಜೆ. ಅಷ್ಟೂ ದೂರ ಬೆನ್ನು ಬೀದಿಯ ಕಡೆ, ಮುಖ ಮನೆಯ ಕಡೆ. ಹೊಸ್ತಿಲ ಮೇಲೆ ಕೂತ ಮಗು ಇನ್ನೊಂದಿಷ್ಟು ಹೊತ್ತು ಕಣ್ಣಳತೆಯಲ್ಲಿರಲಿ ಅಂತ. ಎಲ್ಲಿ ಹಾಸುಗಲ್ಲು ಎದ್ದಿದೆ, ಎಲ್ಲಿ ಗಟಾರದ ಮೇಲಿನ ಚಪ್ಪಡಿ ಅಲುಗುತ್ತದೆ ಎನ್ನುವುದು ನಮ್ಮ ಕಣ್ಣಿಗಿಂತ ಹಿಮ್ಮಡಿಗೆ ಚೆನ್ನಾಗಿ ಗೊತ್ತು. ಚಕ್ಕಡಿಯವರು ಎತ್ತು ಹಿಡಿದು ನಿಲ್ಲಿಸಿ ನಮಗೆ ದಾರಿ ಬಿಡುತ್ತಾರೆ. ಹೊಸದಾಗಿ ಬಂದ ಹಾಲಿನವನೊಬ್ಬ ಮಾತ್ರ ಒಮ್ಮೆ ಸೈಕಲ್ಲನ್ನು ನನ್ನ ಬೆನ್ನಿಗೇ ತಂದು ಗುದ್ದಿ, "ಮುಂದ ನೋಡಿ ನಡೀರಿ ಅಕ್ಕಾರ" ಅಂದ. "ಮುಂದ ಏನೈತಿ ನೋಡಾಕ?" ಅಂತ ಕೇಳಿದೆ.

ನಮ್ಮೂರಿನ ಮಕ್ಕಳು ಯಾರಾದರೂ ನೋಡುತ್ತಿದ್ದಾಗ ಮಾತ್ರ ಬೆಳೆಯುತ್ತವೆ. ಅಡಿಗೆ ಮಾಡುತ್ತ ಓರೆಗಣ್ಣು ಬಿಟ್ಟರೆ ಆಗುವುದಿಲ್ಲ, ಕನ್ನಡಿ ಇಟ್ಟರೆ ಆಗುವುದಿಲ್ಲ. ತೂಕಡಿಸುವ ಕಣ್ಣು ಲೆಕ್ಕಕ್ಕಿಲ್ಲ, ಪೊರೆ ಬಂದ ಕಣ್ಣೂ ಲೆಕ್ಕಕ್ಕಿಲ್ಲ. ಕೂತು, ನೆಟ್ಟಗೆ ನೋಡಬೇಕು. ಶಾಲೆಯ ಬಾಗಿಲ ಚೌಕಟ್ಟಿನ ಮೇಲೆ ನೆಲದಿಂದ ಎರಡು ಮೊಳ ಒಂಬತ್ತು ಬೆರಳು ಎತ್ತರದಲ್ಲಿ ಒಂದು ಕೆಂಪು ಗೆರೆ ಇದೆ. ಅದನ್ನು ಮುಟ್ಟಿದ ಮಗುವಿಗೆ ಆಮೇಲೆ ಯಾರ ಕಣ್ಣೂ ಬೇಡ. ಚಪ್ಪರ ಹತ್ತಿದ ಹೀರೆಬಳ್ಳಿಯ ಹಾಗೆ ತನ್ನ ಪಾಡಿಗೆ ತಾನು ಬೆಳೆದುಕೊಂಡು ಹೋಗುತ್ತದೆ. ಮುಟ್ಟುವ ತನಕ ಮಾತ್ರ ನೋಡಬೇಕು. ಅಡತಿ ಅಂಗಡಿಯವರ ಮನೆಯಲ್ಲಿ ಒಬ್ಬ ಅಜ್ಜಿ, ಇಬ್ಬರು ಸೋದರತ್ತೆಯರು, ಪಗಾರ ಕೊಟ್ಟು ಕೂರಿಸಿದ ಮೂವರು ಹೆಂಗಸರು ಒಂದೇ ಹುಡುಗನನ್ನು ಸುತ್ತುಗಟ್ಟಿ ನೋಡಿದರು. ಅದು ಎರಡು ವರ್ಷಕ್ಕೇ ಗೆರೆ ಮುಟ್ಟಿಬಿಟ್ಟಿತು. ಮಾತೇ ಬರದ ಕೂಸಿಗೆ ಮಾಸ್ತರರು ಮಗ್ಗಿ ಹೇಳಿಕೊಡಬೇಕಾಯಿತು.

ನನ್ನ ಮಗಳು ಕಸ್ತೂರಿ ಹುಟ್ಟಿ ಎಂಟು ಯುಗಾದಿ ಕಳೆದಿದ್ದವು. ನೋಡಿದರೆ ನಾಲ್ಕು ವರ್ಷದವಳು. ನಮ್ಮತ್ತೆ ಇರುವ ತನಕ ಅವಳನ್ನು ಕೂತು ನೋಡಿದರು; ಅವರು ತೀರಿಕೊಂಡ ಮೇಲೆ ನಾಲ್ಕಕ್ಕೆ ಬಂದು ನಿಂತು ನಾಲ್ಕು ವರ್ಷವಾಗಿತ್ತು. ಅವಳಪ್ಪ ದೂರದ ಕಲ್ಲಿನ ಕಣಿಯಲ್ಲಿ ದುಡಿಯುತ್ತಾನೆ, ವರ್ಷಕ್ಕೆರಡು ಸಲ ಬರುತ್ತಾನೆ. ಬಂದವನು ಎಲ್ಲೂ ಹೋಗದೆ ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತು ನೋಡುತ್ತಾನೆ. ಅವನ ರಜೆ ಮುಗಿಯುವಷ್ಟರಲ್ಲಿ ಅವಳು ಒಂದು ನೂಲೆಳೆಯಷ್ಟು ಬೆಳೆದಿರುತ್ತಾಳೆ. ನಾನು ಬೆಳಗಿನ ಜಾವಕ್ಕೆ ಎದ್ದು ಹೋಗಿ, ದೀಪ ಹಚ್ಚುವ ಹೊತ್ತಿಗೆ ಬಂದು, ಅವಳ ಮುಂದೆ ಕೂರುತ್ತೇನೆ. ಕೂತಲ್ಲೇ ಕಣ್ಣು ಎಳೆಯುತ್ತವೆ. ನಾಲ್ಕು ವರ್ಷದ ಹಿಂದೆ ಅವಳಿಗೆ ಕಾಲ್ಗಡಗದ ತನಕ ಬರುವ ಹಸಿರು ಖಣದ ಪರಕಾರ ಹೊಲಿಸುವಾಗ, ಬೆಳೆಯುವ ಹುಡುಗಿ ಅಂತ ಕೆಳಗೆ ಎಂಟು ಮಡಿಕೆ ಹಾಕಿಸಿದ್ದೆ. ಬಟ್ಟೆಯ ಬಣ್ಣ ಹೋಯಿತು. ಒಂದು ಮಡಿಕೆಯನ್ನೂ ಬಿಚ್ಚಲಿಲ್ಲ.

ಅವಳು ಗೆರೆಗೆ ನಾಲ್ಕು ಬೆರಳು ಕಡಿಮೆ ಇದ್ದಳು. ಒಂಬತ್ತನೆಯ ಯುಗಾದಿಯ ಒಳಗೆ ಗೆರೆ ಮುಟ್ಟದ ಮಗುವಿನ ಹೆಸರನ್ನು ಶಾಲೆಯ ಪುಸ್ತಕದಿಂದ ಹೊಡೆದುಹಾಕುತ್ತಾರೆ. ಆಮೇಲೆ ಎಷ್ಟು ಬೆಳೆದರೂ ಆ ಬಾಗಿಲು ಇಲ್ಲ. ಹಾಗೆ ಹೆಸರು ಹೋದವರು ಹೇಗಿರುತ್ತಾರೆ ಅಂತ ನೋಡಲು ನಾನು ದೂರ ಹೋಗಬೇಕಾಗಿರಲಿಲ್ಲ. ಪಕ್ಕದ ಮನೆಯ ಬಾಳವ್ವನ ಮಗ ಈರಣ್ಣ ಹುಟ್ಟಿ ಮೂವತ್ತೊಂದು ವರ್ಷ. ಇನ್ನೂ ತೆವಳುತ್ತಾನೆ. ಬಾಳವ್ವ ಹರೆಯದಲ್ಲಿ ಮೂರು ಮನೆಯ ಮುಸುರೆ ತಿಕ್ಕುತ್ತಿದ್ದಳು. ಕೈಗೆ ಬಿಡುವು ಸಿಕ್ಕುವ ಹೊತ್ತಿಗೆ ಕಣ್ಣಿಗೆ ಪೊರೆ ಬಂತು. ಓಣಿಯವರು ಅವನ ವಯಸ್ಸಿಗೆ ಕೊಡಬೇಕಾದ ಮರ್ಯಾದೆಯನ್ನು ಬಿಟ್ಟಿಲ್ಲ. "ಬಾಳವ್ವಾ, ಈರಣ್ಣಾರು ಅಂಗಳದಾಗ ಮಣ್ಣು ತಿನ್ನಾಕತ್ತಾರ ನೋಡು" ಅನ್ನುತ್ತಾರೆ. ನಾನು ಕೆಲಸಕ್ಕೆ ಹೋದಾಗ ಕಸ್ತೂರಿಯನ್ನು ಹಿಡಿದುಕೊಳ್ಳುತ್ತಿದ್ದವಳೂ ಬಾಳವ್ವನೇ. ಅವಳ ಮಡಿಲಲ್ಲಿ ಮಗು ಬೀಳುತ್ತಿರಲಿಲ್ಲ, ಸುಟ್ಟುಕೊಳ್ಳುತ್ತಿರಲಿಲ್ಲ, ಹಸಿದಿರುತ್ತಿರಲಿಲ್ಲ. ಬೆಳೆಯುತ್ತಿರಲಿಲ್ಲ, ಅಷ್ಟೇ.

ನೋಡುವುದನ್ನೇ ಕಸುಬು ಮಾಡಿಕೊಂಡ ಕಣ್ಣುಮನೆಗಳು ಊರಲ್ಲಿ ನಾಲ್ಕಾರು ಇದ್ದವು. ಒಬ್ಬೊಬ್ಬ ಹೆಂಗಸಿನ ಮುಂದೆ ಐದು ಮಕ್ಕಳು, ಜಮಖಾನೆ, ಒಂದಿಷ್ಟು ಆಟಿಕೆ. ಅಲ್ಲಿನ ಒಂದು ದಿನದ ಫೀ ನನ್ನ ಒಂದೂಕಾಲು ದಿನದ ಪಗಾರ. ದುಡಿದರೆ ಮಗಳನ್ನು ನೋಡುವವರಿಲ್ಲ, ನೋಡುತ್ತ ಕೂತರೆ ಉಣ್ಣಲಿಕ್ಕಿಲ್ಲ. ದುಡಿದು ನೋಡಿಸೋಣವೆಂದರೆ ಕಾಲು ದಿನ ಕಡಿಮೆ ಬೀಳುತ್ತಿತ್ತು. ಆ ಕಾಲು ದಿನವನ್ನು ಎಲ್ಲಿಂದ ತರುವುದು ಅಂತ ನಾಲ್ಕು ವರ್ಷ ಯೋಚನೆ ಮಾಡಿದ್ದೇನೆ.

ನನ್ನ ಕೆಲಸ ಶಾಸನಸಭೆಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದು; ಸಭೆ ಇಲ್ಲದಾಗಲೂ ಕಚೇರಿಯವರು ಉಣ್ಣಬೇಕಲ್ಲ. ಉತ್ತರ ಸೀಮೆಯ ಸಭೆ ಚಳಿಗಾಲದ ಕೊನೆಗೆ ನಮ್ಮೂರಲ್ಲಿ ಸೇರುತ್ತದೆ. ಅರವತ್ತೆರಡು ಮಂದಿ ಸದಸ್ಯರು, ಕಂಬಳಿ ಹೊದ್ದುಕೊಂಡೇ ಮಾತಾಡುತ್ತಾರೆ. ಆ ಸಭೆಗೆ ಒಂದು ಪದ್ಧತಿ. ಯಾವುದರ ಮಾತು ನಡೆಯುತ್ತದೋ ಅದು ಎಲ್ಲರಿಗೂ ಕಾಣುವ ಹಾಗೆ ನಡುವಿನ ಮೇಜಿನ ಮೇಲೆ ಇರಬೇಕು. ರಸ್ತೆಯ ಮಾತಾದರೆ ಒಂದು ಬುಟ್ಟಿ ಜಲ್ಲಿ, ಕೆರೆಯ ಮಾತಾದರೆ ಒಂದು ಕೊಡ ನೀರು. ಕತ್ತೆಗಳ ಸುಂಕದ ವರ್ಷ ಒಂದು ಕತ್ತೆ ಎರಡು ದಿನ ಮೇಜಿನ ಮೇಲೆ ನಿಂತು ಮುಂಗಡಪತ್ರದ ಅರ್ಧ ತಿಂದಿತ್ತು. ತುಪ್ಪದ ದರದ ಚರ್ಚೆಯಾದಾಗ ಮೇಜಿನ ಮೇಲಿಟ್ಟ ಗಡಿಗೆಯಿಂದ ಮೂರು ಸೇರು ಮಾಯವಾದ ಮೇಲೆ ಇನ್ನೊಂದು ಕಟ್ಟಳೆ ಸೇರಿತು. ಮೇಜಿನ ಮೇಲೆ ಬರುವ ವಸ್ತುವನ್ನು ಬರುವಾಗ ಅಳೆದು ಬರೆದುಕೊಳ್ಳಬೇಕು, ಹೋಗುವಾಗ ಅಳೆದು ನೋಡಬೇಕು. ಅಳತೆ ತಪ್ಪಿದರೆ ವಸ್ತು ಬದಲಾಗಿದೆ ಎಂದರ್ಥ. ಅದರ ಮೇಲೆ ಆಡಿದ ಮಾತೆಲ್ಲ ರದ್ದಾಗಿ ಮೊದಲಿಂದ ಶುರು.

ಆ ವರ್ಷ ನೇಕಾರರ ಸೀಮೆಯ ಸದಸ್ಯೆ ಹಲೀಮಾಬಾಯಿ ಒಂದು ಮಸೂದೆ ತಂದರು. ಓಣಿಗೊಂದು ಕಣ್ಣುಮನೆ, ಖರ್ಚು ಖಜಾನೆಯದು, ತಾಯಂದಿರು ಕೊಡಬೇಕಾದ್ದು ದಿನಕ್ಕೆ ಒಂದು ರೊಟ್ಟಿಯ ಬೆಲೆ. ಚರ್ಚೆ ಶುರುವಾಗುವ ದಿನ ಬೆಳಿಗ್ಗೆ ಸಭೆಯ ಕಾರಕೂನ ಗುರುಪಾದಪ್ಪ ಅಡಿಗೆಮನೆಗೆ ಬಂದು, ಹೊಗೆಗೆ ಮೂಗು ಮುಚ್ಚಿಕೊಂಡು ನಿಂತ.

"ಶಾವಂತ್ರೆವ್ವಾ, ನಿನ್ನ ಮಗಳು ಬೇಕಾಗ್ಯಾಳ."

"ಯಾಕ್ರೀ?"

"ಮೇಜಿನ ಮ್ಯಾಲ ಇಡಾಕ. ಕೂಸುಗಳ ಮಾತು ನಡೀತೈತಿ, ಕೂಸು ಬ್ಯಾಡೇನು? ಅಡತಿಯವರ ಮನ್ಯಾಗ ಕೇಳಿದೆ, ದೃಷ್ಟಿ ಆಗ್ತೈತಿ ಅಂದ್ರು."

"ನನ್ನ ಮಗಳಿಗೆ ದೃಷ್ಟಿ ಆಗಂಗಿಲ್ಲೇನ್ರಿ?"

"ನಿನ್ನ ಮಗಳಿಗೆ ಒಂದೀಟು ಆದ್ರ ಚಲೋನ ಅಲ್ಲೇನವ್ವಾ" ಅಂದ. ತಮಾಷೆಗೇ ಅಂದ. ಅದರ ಅರ್ಥ ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಕಸ್ತೂರಿಗೆ ತಲೆ ಬಾಚಿ, ಅದೇ ಹಸಿರು ಪರಕಾರ ತೊಡಿಸಿ ಕರೆದುಕೊಂಡು ಬಂದೆ. ಗುರುಪಾದಪ್ಪ ಅವಳನ್ನು ಕಂಬಕ್ಕೆ ಆನಿಸಿ ನಿಲ್ಲಿಸಿ ಅಳೆದು, ಪುಸ್ತಕದಲ್ಲಿ ಬರೆದ: ಹೆಣ್ಣುಮಗು ಒಂದು, ಎರಡು ಮೊಳ ಐದು ಬೆರಳು, ಬಲ ಮೊಳಕೈ ಮೇಲೆ ಹಂಚು ತಗಲಿದ ಕಲೆ, ತಂದವರು ಶಾವಂತ್ರೆವ್ವ. ಅವಳನ್ನು ಮೇಜಿನ ಮೇಲೆ ಒಂದು ಚಾಪೆ ಹಾಸಿ ಕೂರಿಸಿದರು. ಕೈಗೆ ಒಂದು ಬಟ್ಟಲು ಪುಟಾಣಿ ಕೊಟ್ಟರು. ನಾನು ಒಳಗೆ ಹೋಗಿ ಹಿಟ್ಟು ನಾದತೊಡಗಿದೆ. ಅಡಿಗೆಮನೆಗೂ ಸಭೆಗೂ ನಡುವೆ ಒಂದು ಕಿಂಡಿ ಇದೆ, ಮಾತು ಕೇಳುತ್ತಿತ್ತು.

ಮಸೂದೆಗೆ ಅಡ್ಡ ನಿಂತವರು ಬಸಲಿಂಗ ದೇಸಾಯರು. ಎಪ್ಪತ್ತು ದಾಟಿದವರು, ಖಜಾನೆಯ ಮೇಲ್ವಿಚಾರಣೆ ಅವರದು. ಸರಕಾರದ ದುಡ್ಡು ಕೊಡಬೇಕಾದಾಗಲೂ ಸ್ವಂತ ಕಿಸೆಗೆ ಕೈ ಹಾಕಿದವರ ಹಾಗೆ ಮುಖ ಮಾಡುತ್ತಿದ್ದರು.

"ಬಡವರು ಅಂತ ಹತ್ತು ವರ್ಷದಿಂದ ಕಂಬಳಿ ಹಂಚಾಕತ್ತೀವಿ" ಅಂದರು. "ಈಗ ಕೂಸು ನೋಡಾಕೂ ಪಗಾರ ಅಂದ್ರ ಹೆಂಗ? ನಾಳೆ ಉಸಿರು ಆಡಾಕ ಪಗಾರ ಕೇಳ್ತೀರಿ."

"ಹತ್ತು ವರ್ಷ ಕಂಬಳಿ ಹಂಚಿದ್ರಿ, ಬಡವರು ಕಡಿಮಿ ಆದ್ರೇನ್ರಿ ದೇಸಾಯರ?" ಹಲೀಮಾಬಾಯಿಯ ದನಿ ಸಣ್ಣದು, ಆದರೆ ಕಿಂಡಿಯ ತನಕ ಬರುತ್ತಿತ್ತು. "ಕೂಸು ನಿಂತಲ್ಲೇ ನಿಂತರ ಮನೀನೂ ನಿಂತಲ್ಲೇ ನಿಲ್ತೈತಿ. ಅದು ದೊಡ್ಡದಾಗಿ ದುಡಿಯಂಗಿಲ್ಲ, ಅವ್ವ ಮುದುಕಿ ಆಗೂದು ಬಿಡಂಗಿಲ್ಲ. ಅದರ ಮ್ಯಾಲ ನೀವು ಕಂಬಳಿ ಹೊಚ್ಚತೀರಿ."

"ನಮ್ಮವ್ವ ಆರು ಹಡದಾಳ. ದಿನಾ ಹೊಲಕ್ಕ ಹೋಗ್ತಿದ್ಲು. ಆಕಿಗೆ ಯಾ ಖಜಾನಿ ಕೊಟ್ಟಿತ್ತು?"

"ಆರೂ ಮಂದಿ ಗೆರಿ ದಾಟಿದ್ರೇನ್ರಿ?"

ಕಸ್ತೂರಿ ಪುಟಾಣಿ ಕಡಿಯುವ ಸದ್ದು ಕೇಳುತ್ತಿತ್ತು. "ಐದು ಮಂದಿ" ಅಂದರು ದೇಸಾಯರು. ಆಮೇಲೆ ಕೂತರು.

ಮೂರನೆಯ ದಿನ ಸಂಜೆ ಮಗಳಿಗೆ ಕೈಕಾಲು ತೊಳೆಯುವಾಗ ಪರಕಾರದ ಅಂಚು ಕಾಲ್ಗಡಗಕ್ಕಿಂತ ಮೇಲೆ ನಿಂತಿತ್ತು. ಕೆಳಗೆ ಎಳೆದೆ. ಬರಲಿಲ್ಲ. ಸೊಂಟಕ್ಕೆ ಮೇಲೆ ಕಟ್ಟಿದ್ದೇನೇನೋ ಅಂತ ಬಿಚ್ಚಿ ಕಟ್ಟಿದೆ. ಮತ್ತೆ ಅಷ್ಟೇ. ಅವಳನ್ನು ಗೋಡೆಗೆ ನಿಲ್ಲಿಸಿದೆ. ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ಒಂದೇ ಕಡೆ ಇದ್ದ ಇದ್ದಿಲಿನ ಗುರುತಿಗಿಂತ ಅವಳ ನೆತ್ತಿ ಮುಕ್ಕಾಲು ಬೆರಳು ಮೇಲಿತ್ತು.

"ಅವ್ವಾ, ಎಲ್ಲಾರೂ ನನ್ನ ನೋಡ್ತಾರ" ಅಂದಳು ಕಸ್ತೂರಿ. "ಆ ಬಿಳಿ ಮೀಸಿ ಅಜ್ಜ ಭಾಳ ನೋಡ್ತಾನ. ಕಣ್ಣ ಮಿಟಕಸಂಗಿಲ್ಲ."

ಅರವತ್ತೆರಡು ಜೊತೆ ಕಣ್ಣು. ಮಾತಾಡುವವರು ಮೇಜಿನ ಕಡೆ ಕೈ ತೋರಿಸಿ ಮಾತಾಡಬೇಕು, ಕೇಳುವವರು ಕೈ ಹೋದ ಕಡೆ ನೋಡಬೇಕು, ಪದ್ಧತಿ. ಮಕ್ಕಳನ್ನು ನೋಡುವುದಕ್ಕೆ ದುಡ್ಡು ಖರ್ಚು ಮಾಡಬೇಕೋ ಬೇಡವೋ ಅಂತ ಬೆಳಗಿನಿಂದ ಸಂಜೆಯ ತನಕ ನನ್ನ ಮಗಳನ್ನು ನೋಡುತ್ತ ವಾದ ಮಾಡುತ್ತಿದ್ದರು. ಅವರಿಗೆ ಗೊತ್ತಾಗಿರಲಿಲ್ಲ. ದಿನವೂ ಎದುರಿಗಿರುವುದು ಬೆಳೆದರೆ ಯಾರಿಗೆ ಗೊತ್ತಾಗುತ್ತದೆ? ಗೊತ್ತಾದರೆ ಇಳಿಸಿಬಿಡುತ್ತಾರೆ ಅಂತ ನನಗೆ ದಿಗಿಲಾಯಿತು. ಸೂಜಿ ತೆಗೆದುಕೊಂಡು ಮೊದಲನೆಯ ಮಡಿಕೆಯ ದಾರ ಬಿಚ್ಚಿದೆ. ಅಂಚು ಕಾಲ್ಗಡಗಕ್ಕೆ ಬಂತು. ಮಡಿಕೆಯ ಒಳಗಿದ್ದ ಬಟ್ಟೆ ಹೊಸದರ ಹಾಗೆ ಕಡುಹಸಿರಾಗಿ, ಒಂದು ಪಟ್ಟೆಯಂತೆ ಕಾಣುತ್ತಿತ್ತು.

ಮಾರನೆಯ ದಿನದಿಂದ ಸದಸ್ಯರ ಊಟ ಬದಲಾಯಿತು. ಎಣ್ಣೆಗಾಯಿ ಬಂದ್, ಹೋಳಿಗೆ ಬಂದ್, ಗಟ್ಟಿ ಮೊಸರು ಬಂದ್. ತೆಳ್ಳಗಿನ ರೊಟ್ಟಿ, ಹೆಸರುಕಾಳಿನ ಪಲ್ಯ, ನೀರು ಮಜ್ಜಿಗೆ. ಉಂಡು ಹೋದವರು ಮಧ್ಯಾಹ್ನ ನಿದ್ದೆ ಮಾಡಬಾರದು, ನಿದ್ದೆಗಣ್ಣು ಲೆಕ್ಕಕ್ಕಿಲ್ಲ. ದೇಸಾಯರು ತಾಟು ನೋಡಿ, "ಏನವ್ವಾ, ನಮಗೇನು ಬಾಣಂತನ ಮಾಡಾಕತ್ತೀಯೇನು?" ಅಂದರು. "ಬದ್ನೀಕಾಯಿ ಸಿಗವಲ್ವುರೀ" ಅಂದೆ. ಹಿತ್ತಲಲ್ಲಿ ಒಂದು ಬುಟ್ಟಿ ಬದನೆಕಾಯಿ ಇತ್ತು.

ಇನ್ನು ಹೇಳಬೇಕಾದ್ದು ನನಗೆ ಅಷ್ಟು ಚೆಂದದ್ದಲ್ಲ. ಸಭೆಯ ಗೇಟಿನ ಹೊರಗೆ ದಿನವೂ ನಮ್ಮ ಓಣಿಯ ತಾಯಂದಿರು ಸೇರುತ್ತಿದ್ದರು. ಬಾಳವ್ವ ಈರಣ್ಣನನ್ನು ಸೊಂಟದ ಮೇಲೆ ಹೊತ್ತುಕೊಂಡು ಬರುತ್ತಿದ್ದಳು. ನಾನು ಹೊರಗೆ ಬಂದ ಕೂಡಲೇ, "ಮುಗೀತೇನವ್ವಾ? ಇವತ್ತಾದ್ರೂ ಮುಗೀತೇನು?" ಅನ್ನುವಳು. "ಇನ್ನೂ ಮಾತಾಡಾಕತ್ತಾರ ಬೇ" ಅನ್ನುತ್ತಿದ್ದೆ. ಬೇಸರದ ದನಿಯಲ್ಲೇ ಅನ್ನುತ್ತಿದ್ದೆ. ಒಳಗೆ ಮಾತ್ರ, ಇನ್ನೊಂದು ದಿನ ಆಡಲಿ, ಇನ್ನೊಂದು ತಿದ್ದುಪಡಿ ತರಲಿ, ಒಬ್ಬರಾದರೂ ಎದ್ದು ಸುಳ್ಳೇ ಜಗಳ ತೆಗೆಯಲಿ ಅಂತ ಬೇಡಿಕೊಳ್ಳುತ್ತಿದ್ದೆ. ಸಾವಿರ ಮಕ್ಕಳ ಮಾತು ಮುಗಿಯುವುದು ತಡವಾದಷ್ಟೂ ನನ್ನ ಒಂದು ಮಗು ಬೆಳೆಯುತ್ತಿತ್ತು. ಐದನೆಯ ದಿನ ಎರಡನೆಯ ಮಡಿಕೆ ಬಿಚ್ಚಿದೆ, ಎಂಟನೆಯ ದಿನ ಮೂರನೆಯದು, ಹತ್ತನೆಯ ದಿನ ನಾಲ್ಕನೆಯದು. ಬಾಳವ್ವನಿಗೆ ಕಣ್ಣು ಕಾಣದಿದ್ದರೂ ಕಸ್ತೂರಿಯ ತಲೆ ಸವರಿ, "ಏನೋ ಎತ್ತರ ಆದಂಗ ಐತಲ್ಲ" ಅಂದಳು. "ಜಡಿ ಮ್ಯಾಲ ಕಟ್ಟೀನಿ" ಅಂದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಹಲೀಮಾಬಾಯಿ ಎದ್ದು, ಮಾತು ಸಾಕು, ಮತಕ್ಕೆ ಹಾಕಿ ಅಂದರು. ಮತ ಹಾಕುವ ಮೊದಲು ವಸ್ತುವನ್ನು ಅಳೆದು ನೋಡಬೇಕು. ಗುರುಪಾದಪ್ಪ ಕಸ್ತೂರಿಯನ್ನು ಇಳಿಸಿ ಕಂಬಕ್ಕೆ ಆನಿಸಿದ. ಅಳೆದ. ಪುಸ್ತಕ ನೋಡಿದ. ಮತ್ತೊಮ್ಮೆ ಅಳೆದ. ಕನ್ನಡಕ ಒರೆಸಿ ಮೂರನೆಯ ಸಲ ಅಳೆದ.

"ಸಾಹೇಬ್ರ" ಅಂದ ಅಧ್ಯಕ್ಷರಿಗೆ, "ಎರಡು ಮೊಳ ಎಂಟು ಬೆರಳು. ಮೂರು ಬೆರಳು ಹೆಚ್ಚಿಗಿ ಬರ್ತೈತಿ."

"ಹಂಗಂದ್ರ ವಸ್ತು ಬದಲಾಗೈತಿ" ಅಂದರು ಯಾರೋ.

"ಈ ಪರಕಾರಕ್ಕ ಮೊದಲನೇ ದಿನ ಪಟ್ಟಿ ಇರಲಿಲ್ಲ" ಅಂದರು ದೇಸಾಯರು. ಅವರು ನಿಜವಾಗಿಯೂ ನೋಡಿದ್ದರು. "ಈಗ ನಾಕು ಪಟ್ಟಿ ಅದಾವ."

ಸಭೆ ಗದ್ದಲವಾಯಿತು. ವಸ್ತು ಬದಲಾಗಿದ್ದರೆ ಹನ್ನೊಂದು ದಿನದ ಮಾತು ರದ್ದು, ಮೊದಲಿಂದ ಶುರು. ಅಳತೆಯ ತಕರಾರು ಬಂದರೆ ವಸ್ತುವನ್ನು ತಂದವರ ಮಾತೇ ಕೊನೆ. ನನ್ನನ್ನು ಕರೆಸಿದರು. ಕೈಗೆ ಹಿಟ್ಟು ಮೆತ್ತಿದ್ದ ಹಾಗೇ ಹೋಗಿ ನಿಂತೆ.

"ಹೇಳವ್ವಾ" ಅಂದರು ಅಧ್ಯಕ್ಷರು. "ಅವತ್ತು ತಂದ ಹುಡುಗಿ ಇದ ಏನು, ಬ್ಯಾರೇದೋ?"

ಬೇರೆ ಅಂದರೆ ಮುಗಿಯಿತು. ನಾಳೆಯಿಂದ ಮತ್ತೆ ಚರ್ಚೆ, ಮತ್ತೆ ಮೇಜು, ಮತ್ತೆ ಅರವತ್ತೆರಡು ಜೊತೆ ಕಣ್ಣು. ನಾಲ್ಕು ದಿನದಲ್ಲಿ ಅವಳ ಉಳಿದ ಒಂದು ಬೆರಳು ಆಗಿಹೋಗುತ್ತಿತ್ತು. ಅದೇ ಹುಡುಗಿ ಅಂದರೆ ಮತ ಹಾಕುತ್ತಾರೆ, ಮಗಳನ್ನು ಮನೆಗೆ ಕಳಿಸುತ್ತಾರೆ. ಮಸೂದೆ ಗೆದ್ದರೂ ಕಣ್ಣುಮನೆ ತೆರೆಯುವುದು ಯುಗಾದಿಯ ಮಾರನೆಯ ದಿನದಿಂದ ಅಂತ ಅದರಲ್ಲೇ ಬರೆದಿತ್ತು. ಯುಗಾದಿಗೆ ಹತ್ತೊಂಬತ್ತು ದಿನ ಇತ್ತು. ಗೇಟಿನ ಹೊರಗಿಂದ ಯಾವುದೋ ಕೂಸು ಅಳುವುದು ಕೇಳಿಸಿತು. ನನಗೆ ಆ ದನಿ ಗೊತ್ತು; ಮೂವತ್ತೊಂದು ವರ್ಷದಿಂದ ಅದೇ ದನಿ.

"ಅದ ಹುಡುಗೀರಿ" ಅಂದೆ. "ನನ್ನ ಮಗಳು. ಮೊಳಕೈ ಮ್ಯಾಲಿನ ಕಲೆ ನೋಡ್ರಿ, ಆಕಿ ಸಂಗಡ ಅದೂ ಬೆಳದೈತಿ. ನಾಕು ವರ್ಷ ನಿಂತಿದ್ಲು. ನೀವು ನೋಡಿದ್ರಿ, ಬೆಳದ್ಲು. ಪಟ್ಟಿ ಕಾಣೂದು ಮಡಿಕಿ ಬಿಚ್ಚಿದ ಜಾಗಾರಿ, ನಾನ ಬಿಚ್ಚೀನಿ. ನಿಮಗ ಗೊತ್ತಾಗಬಾರದು ಅಂತ ಬಿಚ್ಚಿದೆ. ನೀವು ಮಲಗಬಾರದು ಅಂತ ಎಣ್ಣಿಗಾಯಿ ಮಾಡಲಿಲ್ಲ. ತಪ್ಪಾಗೈತ್ರಿ."

ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ಆಮೇಲೆ ಇನ್ನೊಬ್ಬರು. ಹಲೀಮಾಬಾಯಿ ಸೆರಗಲ್ಲಿ ಮುಖ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ದೇಸಾಯರು ಮಾತ್ರ ನಗಲಿಲ್ಲ. ಎದ್ದು ನಿಂತರು.

"ಅರವತ್ತೆರಡು ಮಂದಿ, ಹನ್ನೊಂದು ದಿನ" ಅಂದರು. "ಭತ್ಯೆ, ಉರವಲು, ಊಟ. ಅದೂ ಹೆಸರುಕಾಳಿನ ಊಟ. ಇಷ್ಟು ತುಟ್ಟಿ ಕಣ್ಣುಮನಿ ಭೂಮಿ ಮ್ಯಾಲ ಎಲ್ಲೂ ಇಲ್ಲ. ಒಂದು ಕೂಸು, ಮೂರು ಬೆರಳು. ಇದರ ಬದಲಿ ಒಬ್ಬಾಕಿ ಹೆಣ್ಮಗಳಿಗೆ ಪಗಾರ ಕೊಟ್ಟು ಐದು ಕೂಸು ಕೊಟ್ಟರ ಖಜಾನಿಗೆ ಅಗ್ಗ ಬೀಳ್ತೈತಿ." ಮತಕ್ಕೆ ಹಾಕಿದಾಗ ಕೈಗಳು ಒಂದೊಂದಾಗಿ ಎದ್ದವು. ದೇಸಾಯರದು ಕೊನೆಗೆ ಎದ್ದಿತು, ಬೆನ್ನು ತುರಿಸಿಕೊಳ್ಳಲು ಹೋದದ್ದು ದಾರಿ ತಪ್ಪಿ ಮೇಲೆ ಹೋದ ಹಾಗೆ.

ಗೇಟಿನ ಹೊರಗೆ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತರು. ಬಾಳವ್ವ ಈರಣ್ಣನಿಗೆ, "ಕೇಳಿದ್ರೇನು, ನೀವಿನ್ನು ನಡೀತೀರಿ" ಅನ್ನುತ್ತಿದ್ದಳು. ನಾನು ಒಳಗೇ ಉಳಿದೆ. ಮಗಳನ್ನು ಕರೆದುಕೊಂಡು ಹೋಗಲು ಕೈ ಹಿಡಿದಾಗ ಗುರುಪಾದಪ್ಪ ತಡೆದ. ವಸ್ತು ಹೊರಗೆ ಹೋಗಬೇಕಾದರೆ ಅರವತ್ತೆರಡು ಜನರೂ "ಕಂಡಿದ್ದೇನೆ" ಅಂತ ರುಜು ಹಾಕಬೇಕು. ರುಜು ಬೀಳುವ ತನಕ ಅದು ದಿನವೂ ಮೇಜಿನ ಮೇಲೆ ಹಾಜರಿರಬೇಕು. ಅರವತ್ತೊಂದು ರುಜು ಅರ್ಧ ಗಂಟೆಯಲ್ಲಿ ಬಿದ್ದವು. ದೇಸಾಯರು ಲೇಖನಿ ಹಿಡಿದು, ಕಸ್ತೂರಿಯನ್ನು ಮೇಲಿಂದ ಕೆಳಗೆ ನೋಡಿ, ಲೇಖನಿ ಕೆಳಗಿಟ್ಟರು.

"ನಾ ಇನ್ನೂ ಸರಿಯಾಗಿ ಕಂಡಿಲ್ಲ" ಅಂದರು.

"ಹನ್ನೊಂದು ದಿನ ನೋಡೀರಲ್ರೀ" ಅಂದ ಗುರುಪಾದಪ್ಪ.

"ನನ್ನ ಕನ್ನಡಕ ಹಳೇದು. ನಾಳೆ ಬಂದು ನೋಡ್ತೀನಿ. ಕಾಣದ್ದಕ್ಕ ಕಂಡೀನಿ ಅಂತ ರುಜು ಹಾಕೂ ಮನಶಾ ಅಲ್ಲ ನಾನು." ನನ್ನ ಕಡೆ ತಿರುಗಿ, "ಯುಗಾದಿ ಎಂದೈತಿ?" ಅಂತ ಕೇಳಿದರು.

"ಹತ್ತೊಂಬತ್ತು ದಿನರೀ."

"ಹಂ. ನಾಳಿಂದ ಎಣ್ಣಿಗಾಯಿ ಮಾಡು. ಮಲಗಂಗಿಲ್ಲ ತಗೋ."

ಉಳಿದ ಸದಸ್ಯರು ಊರುಗಳಿಗೆ ಹೋದರು. ಖಾಲಿ ಸಭೆಯಲ್ಲಿ ಅರವತ್ತೊಂದು ಕುರ್ಚಿ, ಒಬ್ಬ ಮುದುಕ, ಮೇಜಿನ ಮೇಲೆ ನನ್ನ ಮಗಳು. ಬೆಳಿಗ್ಗೆ ಬಂದು ಕಂಬಳಿ ಹೊದ್ದು ಎದುರಿಗೆ ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಕಿಂಡಿಯಿಂದ ಅವರಿಬ್ಬರ ಮಾತು ಕೇಳುತ್ತಿತ್ತು.

"ಅಜ್ಜಾ, ನಿನಗ ಬ್ಯಾಸರ ಆಗಂಗಿಲ್ಲೇನು?"

"ನನ್ನ ಕೆಲಸ ಇದ. ನೀ ಸುಮ್ಮ ಬೆಳಿ."

"ನಿನಗ ತಮ್ಮ ಅದಾನೇನು?"

ಅವರು ಕಂಬಳಿ ಸರಿಮಾಡಿಕೊಂಡ ಸದ್ದಾಯಿತು. "ಅದಾನ" ಅಂದರು. "ನಿನ್ನಷ್ಟ ಅದಾನ. ನಮ್ಮಪ್ಪ ನನಗ ಅಂವನ್ನ ನೋಡ್ಕೋ ಅಂದಿದ್ದ. ನಾ ಗಿರಮಿಟ್ಟು ತಿನ್ನಾಕ, ಈಸಾಡಾಕ ಹೋಗ್ತಿದ್ದೆ." ಆಮೇಲೆ, "ಪುಟಾಣಿ ತಿನ್ನು" ಅಂದರು. ಅವತ್ತು ನಾನು ಎಣ್ಣೆಗಾಯಿಗೆ ಉಪ್ಪು ಎರಡು ಸಲ ಹಾಕಿಬಿಟ್ಟೆ. ಅವರು ತಾಟು ಖಾಲಿ ಮಾಡಿದರು.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ದೇಸಾಯರು ಲೇಖನಿ ಕೇಳಿ ತೆಗೆದುಕೊಂಡು, "ಈಗ ಕಂಡೆ" ಅಂತ ರುಜು ಹಾಕಿದರು. ನಾನು ಅವರ ಕಾಲಿಗೆ ಬೀಳಲು ಹೋದೆ. "ಹೋಗವ್ವಾ, ಸಾಲಿ ಬಾಗಿಲು ಮುಚ್ಚತೈತಿ" ಅಂದರು.

ಶಾಲೆಗೆ ಓಡಿದೆವು. ಮಾಸ್ತರರು ಬಾಗಿಲಿಗೆ ಬೀಗ ಹಾಕುತ್ತಿದ್ದವರು ನಿಂತರು. ಕಸ್ತೂರಿ ಚಪ್ಪಲಿ ಬಿಟ್ಟು ಚೌಕಟ್ಟಿಗೆ ಬೆನ್ನು ಕೊಟ್ಟಳು. "ಹಿಮ್ಮಡಿ ಕೆಳಗ ಇಡು" ಅಂದರು. ಇಟ್ಟಳು. "ಕೂದಲ ಲೆಕ್ಕಕ್ಕಿಲ್ಲ" ಅಂದರು. ತಾವೇ ಕೂದಲನ್ನು ಅಂಗೈಯಿಂದ ಒತ್ತಿ ಹಿಡಿದು, ಅಳತೆಯ ಕೋಲನ್ನು ನೆತ್ತಿಯ ಮೇಲಿಟ್ಟರು. ಕೋಲಿನ ಕೆಳಗಿನ ಅಂಚು ಕೆಂಪು ಗೆರೆಯ ಮೇಲೆ ಕೂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಮಾಸ್ತರರು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ನಾನು ನೋಡಲಿಲ್ಲ, ಎದುರಿನ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದೆ.

"ಹೆಸರೇನವ್ವಾ?" ಅಂತ ಪುಸ್ತಕ ಬಿಚ್ಚಿ ಕೇಳಿದರು ಮಗಳನ್ನು. ಆಗ ತಿಳಿಯಿತು.

ಮನೆಗೆ ಬಂದು, ಮಗಳಿಗೆ ರೊಟ್ಟಿ ಹಾಲು ಕಲಸಿ ಕೊಟ್ಟು, ಅವಳು ಉಣ್ಣುತ್ತಿರುವಾಗಲೇ ಗೋಡೆಗೆ ಒರಗಿದೆ. ಹೊರಗೆ ಇನ್ನೂ ಬಿಸಿಲಿತ್ತು. ಅವಳ ಕಡೆ ಬೆನ್ನು ಮಾಡಿ ಮಲಗಿದೆ. ಎಂಟು ವರ್ಷದಲ್ಲಿ ಮೊದಲ ಸಲ.

ಯುಗಾದಿಯ ಮಾರನೆಯ ದಿನ ಬೆಳಿಗ್ಗೆ ಓಣಿಯ ನಡುವೆ, ಹಳೆಯ ಗಿರಣಿಯ ಕೋಣೆಯಲ್ಲಿ ಕಣ್ಣುಮನೆ ತೆರೆಯಿತು. ಸುಣ್ಣ ಇನ್ನೂ ಹಸಿ ಇತ್ತು. ಒಳಗೆ ಜಮಖಾನೆಯ ಮೇಲೆ ಒಬ್ಬ ಹುಡುಗಿ ನಾಲ್ಕು ಮಕ್ಕಳ ಎದುರು ನೆಟ್ಟಗೆ ಕೂತಿದ್ದಳು. ಬಾಳವ್ವ ಈರಣ್ಣನನ್ನು ಅವಳ ಕೈಗೆ ಕೊಟ್ಟು, ಸೆರಗಿನ ಗಂಟಿನಿಂದ ಒಂದು ರೊಟ್ಟಿಯ ಬೆಲೆ ತೆಗೆದುಕೊಟ್ಟು, "ನಮ್ಮ ಈರಣ್ಣಾರಿಗೆ ಮಣ್ಣು ತಿನ್ನಾಕ ಬಿಡಬ್ಯಾಡ ತಂಗಿ" ಅಂದಳು. ಅವನಿಗೆ ಶಾಲೆಯ ಬಾಗಿಲು ಇನ್ನಿಲ್ಲ ಅಂತ ಅವಳಿಗೂ ಗೊತ್ತು. "ನಡದ್ರ ಸಾಕು" ಅಂದಳು ನನಗೆ. "ನನ್ನ ಕೈ ಹಿಡಕೊಂಡು ಬಾವಿ ತನಕ ನಡದ್ರ ಸಾಕು." ಬಾಗಿಲಲ್ಲೇ ಒಂದಿಷ್ಟು ಹೊತ್ತು ಕಿವಿಗೊಟ್ಟು ನಿಂತು, ಅವನು ಅಳದಿದ್ದುದನ್ನು ಖಾತ್ರಿ ಮಾಡಿಕೊಂಡು ಹೋದಳು.

ಕಸ್ತೂರಿ ಐದು ಪಟ್ಟೆಯ ಪರಕಾರ ತೊಟ್ಟು, ಪಾಟಿ ಹಿಡಿದು, ಹೊಸ್ತಿಲ ಮೇಲೆ ನಿಂತಿದ್ದಳು. ಇನ್ನೂ ಮೂರು ಮಡಿಕೆ ಉಳಿದಿದ್ದವು. ಶಾಲೆಯ ದಾರಿ ಆ ಕಡೆ, ಸಭೆಯ ದಾರಿ ಈ ಕಡೆ. "ನಾ ಹೋಗ್ತೀನವ್ವಾ" ಅಂದಳು. "ಹೋಗು" ಅಂದೆ. ನನ್ನ ಕಾಲು ಹಳೆಯ ಚಾಳಿಯಂತೆ ಹಿಂದೆ ಒಂದು ಹೆಜ್ಜೆ ಇಟ್ಟಿತು. ಅಲ್ಲಿಗೆ ನಿಲ್ಲಿಸಿ, ತಿರುಗಿ, ಎಲ್ಲರ ಹಾಗೆ ಮುಂದೆ ನೋಡಿಕೊಂಡು ನಡೆದೆ.

ನಮ್ಮ ಓಣಿಯ ತಿರುವಿನಲ್ಲಿ ಒಂದು ಹುಣಸೆಮರ ಇದೆ ಅಂತ ನನಗೆ ಗೊತ್ತಿತ್ತು. ಅದರ ನೆರಳು ಬೆನ್ನಿಗೆ ತಾಗಿದಾಗ ತಿರುಗಬೇಕು. ಅದು ಇಷ್ಟು ದೊಡ್ಡದು, ದೂರದಿಂದ ಹೀಗೆ ಕಾಣುತ್ತದೆ, ಅದರಾಚೆ ನದಿಯೂ ಒಂದಿಷ್ಟು ಕಾಣುತ್ತದೆ ಎನ್ನುವುದು ಗೊತ್ತಿರಲಿಲ್ಲ. ಅದನ್ನೇ ನೋಡುತ್ತ ಹೋಗಿ, ಎಂಟು ವರ್ಷ ಹಿಮ್ಮಡಿ ಹುಷಾರಾಗಿ ತಪ್ಪಿಸಿಕೊಂಡು ಬಂದಿದ್ದ ಆ ಎದ್ದ ಹಾಸುಗಲ್ಲಿಗೆ ಎಡವಿ ಮುಗ್ಗರಿಸಿದೆ. ಹಾಲಿನವನು ಸೈಕಲ್ಲು ನಿಲ್ಲಿಸಿ, "ನೋಡಿ ನಡೀರಿ ಅಕ್ಕಾರ" ಅಂದ.

"ನೋಡಾಕತ್ತೀನಪಾ" ಅಂದೆ.